ರಾಜನ ಮುಖ, ನಮ್ಮ ಮಿನಾರು

ಅಂಚೆ ಚೀಟಿಯ ಹಿಂಬದಿ ಎಲ್ಲರಿಗೂ ಗೊತ್ತು. ನಾಲಿಗೆಗೆ ತಾಗಿಸಬೇಕು, ಲಕ್ಕೋಟೆಯ ಮೂಲೆಗೆ ಒತ್ತಬೇಕು, ಕೆಲಸ ಮುಗಿಯಿತು. ಮುಂಬದಿಯಲ್ಲಿ ಯಾರಿದ್ದಾರೆ, ಏನಿದೆ ಎಂದು ಕೇಳಿ ನೋಡಿ. ಜನ ಬೆಲೆ ಹೇಳುತ್ತಾರೆ, ಬಣ್ಣ ಹೇಳುತ್ತಾರೆ, ಅಲ್ಲಿಗೆ ನಿಂತುಬಿಡುತ್ತಾರೆ. ಈಗ ಕೌಂಟರಿನ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗಂತೂ ಆ ಕಷ್ಟವೂ ಇಲ್ಲ. ಯಂತ್ರ ಒಂದು ಬಿಳಿ ಚೀಟಿ ಉಗುಳುತ್ತದೆ, ಅದನ್ನೇ ಅಂಟಿಸುತ್ತಾರೆ. ನಮ್ಮ ಕಾಲದಲ್ಲಿ ಗೋಂದಿನ ಡಬ್ಬಿ, ಒದ್ದೆ ಸ್ಪಂಜು, ಮಸಿ ಮೆತ್ತಿದ ಮೊಹರು ಇದ್ದವು. ಸಂಜೆ ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ಬೆರಳಿಗೆ ಅಂಟಿದ ಗೋಂದು ಹಿಟ್ಟಿನಲ್ಲಿ ಬಿಡುತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವವಳಲ್ಲ. ಗೋಂದು ಗೋಂದೇ.

ನಾನು ಬೀದರಿನವಳು, ಹೆಸರು ಮಹಾದೇವಿ. ಮನೆಯವರು ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈಲ್ವೆ ನೌಕರರಾಗಿದ್ದರು. ಮದುವೆಯಾಗಿ ಇತ್ತ ಬಂದ ಮೇಲೆ ಪರೀಕ್ಷೆ ಬರೆದು ಅಂಚೆ ಗುಮಾಸ್ತೆಯಾದೆ. ಎಂಬತ್ತರ ದಶಕದ ಮೊದಲಿಗೆ ನಾಸಿಕದಲ್ಲಿ ನನ್ನನ್ನು ಫಿಲಾಟೆಲಿ ಕೌಂಟರಿನಲ್ಲಿ ಕೂಡಿಸಿದರು. ಅಂಚೆ ಚೀಟಿ ಕೂಡಿಡುವ ಹವ್ಯಾಸದವರಿಗೆಂದೇ ಇದ್ದ ಕಿಟಕಿ ಅದು. ಬೇರೆಯವರಿಗೆ ಅದು ಬೇಡವಾದ ಜಾಗ. ಮೇಲಿನವರಿಗೆ, ಹೆಂಗಸರನ್ನು ಕೂಡಿಸಲು ತಕ್ಕ ಜಾಗ.

ಆ ಕಿಟಕಿಗೆ ಬರುತ್ತಿದ್ದ ದೊಡ್ಡ ಸಂಗ್ರಾಹಕರನ್ನು ನೀವು ನೋಡಬೇಕಿತ್ತು. ಜೇಬಿನಲ್ಲಿ ಚಿಮಟ, ಕಣ್ಣಿಗೆ ಭೂತಗನ್ನಡಿ. ಹಾಳೆಯ ಅಂಚಿನ ತೂತು ಎಣಿಸುತ್ತಿದ್ದರು, ಕಾಗದದೊಳಗಿನ ನೀರುಗುರುತನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು, ಮಸಿ ಕೊಂಚ ಪಕ್ಕಕ್ಕೆ ಸರಿದಿದ್ದರೆ ಮೊಮ್ಮಗ ಹುಟ್ಟಿದಷ್ಟು ಸಂಭ್ರಮಪಡುತ್ತಿದ್ದರು. ಚಿತ್ರ ಮಾತ್ರ ನೋಡುತ್ತಿರಲಿಲ್ಲ. ಅವರ ಆಲ್ಬಮ್ಮುಗಳಲ್ಲಿ ಪುಟದ ಮೇಲೆ ಪುಟ ಬ್ರಿಟಿಷರ ಕಾಲದ ಚೀಟಿಗಳು. ಮೊದಲು ರಾಣಿ, ಆಮೇಲೆ ಬೋಳುತಲೆಯ ರಾಜ, ಆಮೇಲೆ ಕಿರೀಟವಿಟ್ಟ ಗಡ್ಡದ ರಾಜ, ಕೊನೆಗೆ ಅವನ ಗಡ್ಡವಿಲ್ಲದ ಮಗ. ಅದೇ ಮುಖ ಹಸಿರಿನಲ್ಲಿ, ಅದೇ ಮುಖ ಕೆಂಪಿನಲ್ಲಿ, ಅದೇ ಮುಖ ನೇರಳೆಯಲ್ಲಿ. ಕೆಳಗೆ ಇಂಗ್ಲಿಷಿನಲ್ಲಿ ಇಂಡಿಯಾ ಎಂದು ಬರೆದಿರುವುದನ್ನು ಬಿಟ್ಟರೆ ಇಂಡಿಯಾ ಎಲ್ಲಿದೆ ಎಂದು ಹುಡುಕಬೇಕು.

ಕೊನೆಯ ರಾಜನ ಕಾಲಕ್ಕೆ ಬಂದ ಒಂದು ಮಾಲೆಯಲ್ಲಿ ಅಂಚೆ ಹೊರುವ ಓಟಗಾರ, ಎತ್ತಿನ ಬಂಡಿ, ಟಾಂಗಾ, ಒಂಟೆ, ರೈಲು ಎಲ್ಲ ಇವೆ. ಸಂಗ್ರಾಹಕರು ಅದನ್ನು ತೋರಿಸಿ, "ನೋಡಿ ಬಾಯಿ, ಎಷ್ಟು ಭಾರತೀಯವಾಗಿದೆ!" ಎನ್ನುತ್ತಿದ್ದರು. ಅಲ್ಲಿ ಹೆಂಗಸರನ್ನೆಲ್ಲ ಬಾಯಿ ಎಂದೇ ಕರೆಯುವುದು. ನಾನು ನೋಡಿದೆ. ರಾಜನ ತಲೆ ರೈಲಿಗಿಂತ ದೊಡ್ಡದಿತ್ತು. ಓಡುವವನಿಗೆ ಹೆಸರಿಲ್ಲ, ಊರಿಲ್ಲ. ಅವನು ಯಾವ ಗುಡ್ಡ ಹತ್ತಿದ, ಯಾವ ಹಳ್ಳ ದಾಟಿದ, ಯಾರಿಗೆ ಬೇಕು? ಭಾರ ಹೊರಲು ಒಬ್ಬ ಇದ್ದಾನೆ ಎನ್ನುವಷ್ಟು ಮಾತ್ರ ರಾಜನಿಗೆ ಗೊತ್ತಿತ್ತು.

ಹಾಗೆಂದು ಇದನ್ನೆಲ್ಲ ಛಾಪಿಸಿದ್ದು ವಿಲಾಯಿತಿಯಲ್ಲಿ ಎಂದುಕೊಳ್ಳಬೇಡಿ. ಆ ಕೊನೆಯ ಇಬ್ಬರು ರಾಜರ ಕಾಲಕ್ಕೆ ಛಾಪಖಾನೆ ನಾಸಿಕದ ಪಕ್ಕದ ನಾಸಿಕ್ ರೋಡ್ ಊರಿಗೇ ಬಂದಿತ್ತು. ಅಲ್ಲಿ ದುಡಿದು ನಿವೃತ್ತರಾದ ಪುಂಡಲೀಕ ಕಾಕಾ ಎಂಬ ಮುದುಕರು ನಮ್ಮ ಕಚೇರಿಗೆ ಬರುತ್ತಿದ್ದರು. ಬಂದಾಗಲೆಲ್ಲ ಹೊಸ ಚೀಟಿಗಳನ್ನು ಕೈಗೆತ್ತಿಕೊಂಡು ಬೈಯುವುದು ಅವರ ಪದ್ಧತಿ.

"ಇದೇನು ಛಪಾಯಿ? ನಮ್ಮ ಕಾಲಕ್ಕೆ ರಾಜನ ಮೀಸೆ ಕೂದಲು ಒಂದೊಂದೂ ಎದ್ದು ಕಾಣ್ತಿತ್ತು!"

ಒಮ್ಮೆ ನನಗೆ ತಡೆಯಲಾಗಲಿಲ್ಲ. "ಕಾಕಾ, ಮೀಸೆ ಇರ್ಲಿ. ಇದೇ ನಾಸಿಕದಾಗ ಕೂತು ಛಾಪಿಸಿದ್ರಿ. ಒಂದು ಚೀಟಿ ಮ್ಯಾಲಾದ್ರೂ ನಮ್ಮ ಗೋದಾವರಿ ಘಾಟ್ ಹಾಕಿದ್ರೇನು? ತ್ರ್ಯಂಬಕದ ಗುಡ್ಡ?"

ಕಾಕಾ ಚೀಟಿ ಕೆಳಗಿಟ್ಟರು. ಸಿಟ್ಟು ಬಂತೇನೋ ಎಂದು ನೋಡಿದರೆ ಸಿಟ್ಟಲ್ಲ, ಅವರಿಗೆ ನಾನು ಕೇಳಿದ್ದೇ ತಿಳಿದಿರಲಿಲ್ಲ. "ನಮ್ಮನ್ನ ಯಾರು ಕೇಳಿದ್ರು ಬಾಯಿ?" ಎಂದರು. "ಮೇಲಿಂದ ಚಿತ್ರ ಬರ್ತಿತ್ತು. ನಾವು ಮಸಿ ಹಾಕ್ತಿದ್ದೆವು." ಅಷ್ಟು ಹೇಳಿ ಮತ್ತೆ ಮೀಸೆಯ ಹೊಗಳಿಕೆಗೆ ಮರಳಿದರು.

ತೊಂಬತ್ತರ ಹತ್ತಿರ ನನಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ಆಗ ನಮಗೆ ಔರಂಗಾಬಾದು. ಅಲ್ಲಿಯೂ ಅದೇ ಕಿಟಕಿ. ಆದರೆ ಅಲ್ಲಿ ನನಗೆ ನಫೀಸಾ ಆಪಾ, ಅಂದರೆ ನಫೀಸಾ ಅಕ್ಕ, ಸಿಕ್ಕರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ನಮ್ಮ ಬೀದರಿನ ದಖನಿ ಉರ್ದು ಮಾತೂ ಔರಂಗಾಬಾದಿನ ದಖನಿಯೂ ಅಕ್ಕತಂಗಿಯರಿದ್ದಂತೆ. ನಾನು ಹೌದೆನ್ನಲು "ಹೌ" ಎಂದ ಕೂಡಲೇ ಆಪಾ ಕಿಟಕಿಯೊಳಗೆ ಬಗ್ಗಿ, "ಕಹಾಂ ಕೀ ಹೈ ಗೇ ತೂ?" ಎಲ್ಲಿಯವಳೇ ನೀನು ಎಂದು ಕೇಳಿದ್ದರು. ಅಂದಿನಿಂದ ಗೆಳೆತನ. ನಾವು ಆಡಿದ್ದೆಲ್ಲ ದಖನಿಯಲ್ಲೇ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಭಾನುವಾರ ಬೇಗಂಪುರದ ತಮ್ಮ ಮನೆಗೆ ಕರೆದು ತಂದೆಯ ಆಲ್ಬಮ್ಮು ಬಿಚ್ಚಿದರು. ಅವರ ತಂದೆ ನಿಜಾಮ ಸರ್ಕಾರದ ಅಂಚೆಯಲ್ಲಿ ದೌಲತಾಬಾದಿನ ಪೋಸ್ಟ್ ಮಾಸ್ತರರಾಗಿದ್ದವರು. ನಿಜಾಮನ ಸೀಮೆಗೆ ಅದರದೇ ಅಂಚೆ, ಅದರದೇ ಚೀಟಿ ಇದ್ದವು ಎನ್ನುವುದು ನನಗೆ ಗೊತ್ತಿತ್ತು. ಕಂಡಿರಲಿಲ್ಲ. ಆಪಾ ಒಂದರ ಮೇಲೆ ಬೆರಳಿಟ್ಟರು, ಅಜಂತಾ ಗವಿಯ ಬಾಗಿಲು. ಇನ್ನೊಂದು, ಊರ ಪಕ್ಕದ ದೌಲತಾಬಾದ್ ಕೋಟೆಯ ಚಾಂದ್ ಮಿನಾರ್. ಮೂರನೆಯದರ ಮೇಲೆ ಬೆರಳಿಡುವ ಮೊದಲೇ ನನ್ನ ಬಾಯಿಂದ "ಅಯ್ಯ ಶಿವನೇ" ಎಂದು ಬಂತು.

ಅದು ಬೀದರಿನ ಹಳೆಯ ಮದರಸಾ. ಒಂದು ಮಗ್ಗಲು ಕುಸಿದು, ಒಂದೇ ಮಿನಾರು ಉಳಿದ, ನೀಲಿ ಹೆಂಚು ಉದುರಿದ ಕಟ್ಟಡ. ನಾನು ಶಾಲೆಗೆ ಹೋಗುವಾಗ ದಿನಾ ಅದರ ಮುಂದೆಯೇ ಹಾಯುತ್ತಿದ್ದೆ. ಇಷ್ಟು ವರ್ಷ ದಿನವೂ ಅಂಚೆ ಚೀಟಿ ಮುಟ್ಟಿದ ನನ್ನ ಕೈಗೆ ನನ್ನ ಊರು ಬಂದದ್ದು ಅದೇ ಮೊದಲು. ಆಪಾ ನೀರು ತಂದುಕೊಟ್ಟರು.

ಇದನ್ನು ಓದಿ ನಿಜಾಮನನ್ನು ಹೊಗಳುತ್ತಿದ್ದಾಳೆ ಎಂದುಕೊಳ್ಳಬೇಡಿ. ನನ್ನ ಅಜ್ಜ ರಜಾಕಾರರ ಕಾಲಕ್ಕೆ ಹೊಲ ಮನೆ ಬಿಟ್ಟು ರಾತ್ರೋರಾತ್ರಿ ಸೊಲ್ಲಾಪುರದ ಕಡೆ ಓಡಿದವನು. ಆ ಚೀಟಿಗಳ ಮೇಲೆ ಉರ್ದು ಇತ್ತು, ಇಂಗ್ಲಿಷಿತ್ತು, ಮರಾಠಿ ಮತ್ತು ತೆಲುಗು ಇದ್ದವು. ಕನ್ನಡಕ್ಕಾಗಿ ಆಪಾನ ಆಲ್ಬಮ್ಮೆಲ್ಲ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಬೀದರಿನ ಕಟ್ಟಡ ಬೇಕು, ಬೀದರಿನವರ ಅಕ್ಷರ ಬೇಡ! ಅರಸರೆಲ್ಲ ಅಷ್ಟೇ. ಆದರೂ ಅವನ ಚೀಟಿಯ ಮೇಲೆ ನನ್ನ ಊರಿನ ಕಲ್ಲಾದರೂ ಇತ್ತು. ಬಿಳಿ ರಾಜನದರಲ್ಲಿ ಅವನ ಕಿವಿ ಇತ್ತು.

ಮರುವರ್ಷ ಊರಿನಲ್ಲಿ ಅಂಚೆ ಚೀಟಿ ಪ್ರದರ್ಶನ ಎಂದಾಯಿತು. ಸಂಗ್ರಾಹಕರ ಸಂಘವೊಂದು ನಡೆಸುವುದು, ನಮ್ಮ ಕಚೇರಿ ನೆರವು ಕೊಡುವುದು. ಸಭಾಭವನದ ಬಾಗಿಲಿಗೆ ಬಟ್ಟೆಯ ಫಲಕ ಕಟ್ಟಿದರು: 'ಅಂಚೆ ಚೀಟಿಗಳಲ್ಲಿ ನಮ್ಮ ನಾಡು'. ತೀರ್ಪುಗಾರರಾಗಿ ಪುಣೆಯಿಂದ ಚಿಟ್ನಿಸ್ ಎನ್ನುವವರು ಬಂದರು. ಸಂಗ್ರಾಹಕರ ನಡುವೆ ದೊಡ್ಡ ಹೆಸರು, ಮಾತಾಡುವಾಗ ಎದುರಿನವರ ತಲೆಯ ಮೇಲಿನ ಗೋಡೆಯನ್ನು ನೋಡುವ ರೂಢಿ. ಅವರದೇ ಸಂಗ್ರಹಕ್ಕೆ ನಡುಮನೆಯ ಜಾಗ. ಅದರ ತುಂಬ ಏನಿತ್ತು ಎಂದು ಬೇರೆ ಹೇಳಬೇಕೆ? ಗೋಡೆಯ ಈ ತುದಿಯಿಂದ ಆ ತುದಿಗೆ ರಾಣಿ, ರಾಜ, ರಾಜ, ರಾಜ.

ನಾನು ಆಪಾನನ್ನು ಒಪ್ಪಿಸಿ ಅವರ ಚೀಟಿಗಳನ್ನು ಒಂದು ಗಾಜಿನ ಫ್ರೇಮಿನಲ್ಲಿ ಜೋಡಿಸಿ ತಂದಿದ್ದೆ. ಕೆಳಗೆ ಆಪಾ ಮರಾಠಿಯಲ್ಲೂ ಉರ್ದುವಿನಲ್ಲೂ ದುಂಡಗೆ ಊರುಗಳ ಹೆಸರು ಬರೆದಿದ್ದರು. ನಾನು ಬೀದರ್ ಎಂದು ಕನ್ನಡದಲ್ಲಿ ಬರೆದಿದ್ದೆ. ಚಿಟ್ನಿಸರು ಅದನ್ನು ಅರೆ ಕ್ಷಣ ನೋಡಿದರು.

"ಇವು ಮಾಂಡಲಿಕ ರಾಜ್ಯದ ಚೀಟಿಗಳು. ಕ್ಯಾಟಲಾಗಿನಲ್ಲಿ ಕಡೆಗೆ ಬರುತ್ತವೆ. ಗಂಭೀರ ಸಂಗ್ರಹದ ನಡುವೆ ಇಂಥವನ್ನು ಹಾಕಿದರೆ ನಗುತ್ತಾರೆ."

"ಸಾಹೇಬ್ರೆ, ಹೊರಗ 'ನಮ್ಮ ನಾಡು' ಅಂತ ಬರ್ದೀರಿ. ಒಳಗ ಈ ಜಿಲ್ಲೆದ್ದು ಅಂತ ಇರೋದು ಇದೊಂದೇ," ಎಂದು ನಾನು ಮರಾಠಿಯಲ್ಲಿ ಹೇಳಿದೆ.

ಅವರು ನನಗೆ ಬೆನ್ನು ತಿರುಗಿಸಿದರು. ನಮ್ಮ ಮೇಲಧಿಕಾರಿಯನ್ನು ನೋಡಿದರು. ನಮ್ಮ ಸಾಹೇಬರು ಆಪತ್ತು ಬರುವ ಮೊದಲೇ ಬೆವರುವ ಜಾತಿ. ನನ್ನನ್ನು ಪಕ್ಕಕ್ಕೆ ಕರೆದರು. "ಬಾಯಿ, ನಿಮಗೆ ತಿಳಿಯೋದಿಲ್ಲ. ನಿಜಾಮನ ಹೆಸರು ತೂಗುಹಾಕಿದರೆ ಊರಿನಲ್ಲಿ ಗಲಾಟೆಯಾಗುತ್ತದೆ. ತೆಗೀರಿ."

ಇಂಗ್ಲೆಂಡಿನ ರಾಜ ಗೋಡೆ ತುಂಬ ಕುಳಿತರೆ ಗಲಾಟೆಯಿಲ್ಲ. ಬಸ್ಸಿನಲ್ಲಿ ಹೋಗಿ ಮುಟ್ಟಿ ಬರಬಹುದಾದ ಮಿನಾರು ತೂಗಿದರೆ ಗಲಾಟೆ! ಇಂಥ ಬುದ್ಧಿಯವರ ಕೈಕೆಳಗೆ ನಾನು ಕೆಲಸ ಮಾಡಿದ್ದು. ನೀವೂ ಮಾಡುತ್ತೀರಿ, ತಯಾರಾಗಿರಿ.

ಆಪಾ ಫ್ರೇಮು ಕಂಕುಳಲ್ಲಿ ಅವುಚಿಕೊಂಡು ಹೊರಟೇಬಿಟ್ಟರು. "ನಕ್ಕೋ ಮಹಾದೇವಿ, ಹೋಗ್ಲಿ ಬಿಡು. ನಮ್ಮ ಅಬ್ಬಾ ಇದ್ದಿದ್ರ ಇಷ್ಟು ಅನಿಸ್ಕೊಳ್ಳಾಕ ನಿಲ್ತಿರ್ಲಿಲ್ಲ." ಅವರ ಮುಖ ಬೂದಿಯಂತಾಗಿತ್ತು. ನಾನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದೆ.

ಪ್ರದರ್ಶನದಲ್ಲಿ ನನ್ನ ಕೆಲಸ ವಿಶೇಷ ಮೊಹರಿನ ಮೇಜು. ಬಂದವರು ಲಕ್ಕೋಟೆ ಕೊಂಡು, ಆ ದಿನದ ನೆನಪಿಗೆ ಅದರ ಮೇಲೆ ಮೊಹರು ಹೊಡೆಸಿಕೊಂಡು ಹೋಗುತ್ತಾರೆ. ರಾಜರನ್ನು ನೋಡದೆ ಹೋದಾರು, ಮೊಹರಿನ ಸಾಲಿನಲ್ಲಿ ನಿಲ್ಲದೆ ಹೋಗುವವರಿಲ್ಲ. ಫ್ರೇಮನ್ನು ನನ್ನ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿ ಮೊಹರು ಕೈಗೆತ್ತಿಕೊಂಡೆ. ನಡುಮನೆಯಿಂದ ತೆಗೆಯಲು ಹೇಳಿದ್ದರು, ತೆಗೆದಿದ್ದೆ.

ಮೊದಲು ಯಾರೋ ಒಬ್ಬ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದವನು, "ಅರೇ, ಹಾ ತರ್ ಆಪಲಾ ಮಿನಾರ್!" ಎಂದ, ಇದು ನಮ್ಮದೇ ಮಿನಾರು ಎಂದು. ಹಿಂದಿದ್ದವರು ಕುತ್ತಿಗೆ ಚಾಚಿದರು. ಎಲ್ಲಿ, ಎಲ್ಲಿ ಎನ್ನುವುದರಲ್ಲಿ ಸಾಲು ಮುರಿದು ಗುಂಪಾಯಿತು. ಒಬ್ಬಳು ಅಜಂತಾದ ಹತ್ತಿರ ತನ್ನ ತವರು ಎಂದಳು. ಇನ್ನೊಬ್ಬ, ಮಿನಾರಿನ ಕೆಳಗೇ ತನ್ನ ಮದುವೆಯ ಮಾತುಕತೆ ಆದದ್ದು ಎಂದು ಯಾರೂ ಕೇಳದಿದ್ದರೂ ಹೇಳತೊಡಗಿದ. ಆಪಾ ಗೋಡೆಗೆ ಒರಗಿ ನಿಂತವರು ಮೆಲ್ಲಗೆ ಮುಂದೆ ಬಂದು ಮತ್ತೆ ಮೇಡಂ ಆದರು. ಯಾವುದು ಎಲ್ಲಿದೆ, ಯಾವ ದಾರಿ ಎಂದು ಪಾಠ ಶುರುವಾಯಿತು. ನಡುಮನೆಯಲ್ಲಿ ಚಿಟ್ನಿಸರು ಮತ್ತು ಅವರ ರಾಜರು ಮಾತ್ರ ಉಳಿದರು.

ಆಗ ಒಂದು ದನಿ ಎದ್ದಿತು. "ಇದು ನಿಜಾಮಂದು! ಇಲ್ಲಿ ಯಾಕೆ ಹಾಕೀರಿ?" ಸಾಲಿನಲ್ಲಿದ್ದ ಒಬ್ಬ ತರುಣ. ಜತೆಗೆ ಇನ್ನಿಬ್ಬರು ದನಿಗೂಡಿಸಿದರು. ಸಾಹೇಬರು ಓಡಿ ಬಂದು, ತೆಗೀರಿ ತೆಗೀರಿ ಎಂದು ನನ್ನ ಮೇಲೆ ಕೂಗಾಡಿದರು. ನನ್ನ ಕೈಯಲ್ಲಿ ಮೊಹರು ಹಾಗೇ ನಿಂತಿತ್ತು. ಆಪಾ ಫ್ರೇಮಿಗೆ ಅಡ್ಡ ನಿಂತರು. ಆ ಊರಿನಲ್ಲಿ ಆ ವರ್ಷಗಳಲ್ಲಿ ಅವರ ಹೆಸರಿನವರು ಹಾಗೆ ಅಡ್ಡ ನಿಲ್ಲುವುದು ಸಣ್ಣ ಮಾತಾಗಿರಲಿಲ್ಲ.

ಖಾದಿ ಟೋಪಿಯ ಹಿರಿಯರೊಬ್ಬರು ಕೋಲೂರುತ್ತ ಮುಂದೆ ಬಂದರು. ಅವರನ್ನು ಊರಲ್ಲಿ ಎಲ್ಲರೂ ತಾತ್ಯಾ ಎನ್ನುತ್ತಿದ್ದರು. ನಿಜಾಮನ ವಿರುದ್ಧ ಹೋರಾಡಿ ಜೈಲು ಕಂಡವರು. ತರುಣ ಅವರಿಗೆ ಜಾಗ ಬಿಟ್ಟ, ಈಗ ಇವರೇ ಹರಿದು ಹಾಕುತ್ತಾರೆ ಎನ್ನುವ ಹಾಗೆ. ತಾತ್ಯಾ ಕನ್ನಡಕ ಒರೆಸಿ ಹಾಕಿಕೊಂಡು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

"ನಿಜಾಮ ನನ್ನನ್ನು ಜೈಲಿಗೆ ಹಾಕಿದ್ದ," ಎಂದರು ತರುಣನಿಗೆ. "ನಿನ್ನನ್ನಲ್ಲ. ಮಿನಾರು ಅವನು ಕಟ್ಟಿಸಿದ್ದಲ್ಲ, ಅವನ ಅಪ್ಪನೂ ಕಟ್ಟಿಸಿದ್ದಲ್ಲ. ಅದು ಈ ಊರಿಂದು. ಇರಲಿ." ಆಮೇಲೆ ನಡುಮನೆಯ ಕಡೆ ಕೋಲು ತೋರಿಸಿ, "ಆ ಗಡ್ಡದವನ ಕಾಲಕ್ಕೂ ನಮ್ಮವರು ಜೈಲಿಗೆ ಹೋಗಿದ್ದರು. ಅಲ್ಲಿ ಹೋಗಿ ಯಾಕೆ ಕೂಗಲಿಲ್ಲ?" ಎಂದು ಕೇಳಿದರು.

ತರುಣ ಸಾಲಿನ ಹಿಂದಕ್ಕೆ ಸರಿದ. ತಾತ್ಯಾ ತಮ್ಮ ಲಕ್ಕೋಟೆಯನ್ನು ನನ್ನ ಮುಂದಿಟ್ಟರು. "ಹೊಡಿ ಬಾಯಿ ಮೊಹರು, ನಿಂತು ನಿಂತು ಮೊಣಕಾಲು ನೋಯ್ತದೆ." ನಾನು ಹೊಡೆದೆ. ಅಷ್ಟು ಸ್ವಚ್ಛವಾದ ಮೊಹರು ನನ್ನ ಕೈಯಿಂದ ಮತ್ತೆಂದೂ ಬಿದ್ದಿಲ್ಲ.

ಸಮಾರೋಪದಲ್ಲಿ ಚಿನ್ನದ ಪದಕ ರಾಜನ ಮುಖಗಳಿಗೇ ಹೋಯಿತು. ತೀರ್ಪುಗಾರರ ಸಂಗ್ರಹಕ್ಕೆ ಪದಕ ಹೇಗೆ ಎಂದು ನೀವು ಕೇಳಬಹುದು. ಅಲ್ಲಿದ್ದ ಯಾರೂ ಕೇಳಲಿಲ್ಲ. 'ಗೌರವಾರ್ಥ' ಎಂದು ಒಂದು ಪದ ಕಂಡುಹಿಡಿದಿದ್ದರು. ಭಾಷಣದಲ್ಲಿ ಸಾಹೇಬರು ಈ ಜಿಲ್ಲೆಯ ಭವ್ಯ ಪರಂಪರೆಯನ್ನು ಕೊಂಡಾಡಿದರು. ಅಜಂತಾದ ಹೆಸರೆತ್ತುವಾಗ ಕೈ ಮೇಲೆತ್ತಿದರು. ಮಾರನೆಯ ವಾರ ನನ್ನ ಮೇಜಿಗೆ ಮೆಮೋ ಬಂತು, ಒಪ್ಪಿಗೆಯಿಲ್ಲದ ವಸ್ತು ಪ್ರದರ್ಶಿಸಿದ್ದಕ್ಕೆ ವಿವರಣೆ ಕೊಡಿ ಎಂದು. ಕೊಟ್ಟೆ. ಅದನ್ನು ಓದಿದರೋ ಇಲ್ಲವೋ, ವೈಜಾಪುರಕ್ಕೆ ವರ್ಗ ಮಾಡಿದರು.

ಆದೇಶ ಕೈಗಿಡುವಾಗ ಸಾಹೇಬರ ಮುಖದಲ್ಲಿ ಪಾಠ ಕಲಿಸಿದ ತೃಪ್ತಿ ಇತ್ತು. ವೈಜಾಪುರವೆಂದರೆ ಅವರ ಲೆಕ್ಕದಲ್ಲಿ ಕಾಡು. ಅಲ್ಲಿ ಊರಿಗೆ ಊರೇ ಬದುಕುತ್ತದೆ, ಸಂತೆ ಮಾಡುತ್ತದೆ, ಕಾಗದ ಬರೆಯುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿಂದ ರೈಲು ಹತ್ತಿದರೆ ಮನ್ಮಾಡ್ ಹತ್ತಿರ ಎನ್ನುವುದೂ ತಿಳಿದಿರಲಿಲ್ಲ. ವಾರಕ್ಕೊಮ್ಮೆ ಕಾಣುತ್ತಿದ್ದ ಮನೆಯವರು ಆ ಮೇಲೆ ದಿನಾ ಸಂಜೆ ಊಟಕ್ಕೆ ಮನೆಗೆ ಬರುವಂತಾಯಿತು. "ನಿಮ್ಮ ಸಾಹೇಬ್ರಿಗೆ ಒಂದು ತೆಂಗಿನಕಾಯಿ ಒಡೆಸ್ಬೇಕು," ಎಂದು ಅವರು ನಗುತ್ತಿದ್ದರು. ಶಿಕ್ಷೆ ಕೊಡುವುದಕ್ಕೂ ನಕಾಶೆ ಓದಲು ಬರಬೇಕು.

ವೈಜಾಪುರಕ್ಕೆ ಹೋಗಿ ವರ್ಷ ತುಂಬುತ್ತಿತ್ತು. ಒಂದು ಮಧ್ಯಾಹ್ನ ಆಪಾ ಕೌಂಟರಿನ ಮುಂದೆ ನಿಂತಿದ್ದರು. ರೈಲಿನಲ್ಲಿ ಬಂದಿದ್ದರು, ಬುರ್ಖಾದ ಅಂಚಿಗೆಲ್ಲ ಧೂಳು. ಕಚೇರಿ ಹಿಂದಿನ ಬೇವಿನ ನೆರಳಲ್ಲಿ ಕೂಡಿಸಿ ಚಹಾ ತರಿಸಿದೆ. ನಗು ತಡೆಯಲಾಗದೆ ಚಹಾ ತುಳುಕಿಸಿಕೊಂಡರು.

"ಯಾರು ಬಂದಿದ್ರು ಹೇಳು ಮನೀಗಿ? ನಿನ್ನ ಚಿಟ್ನಿಸ್!"

"ಅವ್ರು ಯಾಕ ಬಂದ್ರು?"

"ನನ್ನ ಚೀಟಿ ಕೊಳ್ಳಾಕ! ಭಾಳ ಅಪರೂಪದವು ಅಂತ, ಈಗ ಪರದೇಶದಾಗ ಕೇಳಾಕತ್ತಾರ ಅಂತ. ನನ್ನ ಆಪಾ ಅಂದ, ಬೆಹನ್ಜೀ ಅಂದ. ನೀವೇ ಬೆಲೆ ಹೇಳ್ರಿ ಅಂದ."

ನನಗೆ ಮೈಯೆಲ್ಲ ಉರಿಯಿತು. ಗಂಭೀರ ಸಂಗ್ರಹದ ನಡುವೆ ನಿಲ್ಲಲು ಯೋಗ್ಯತೆಯಿಲ್ಲದ ಚೀಟಿಗಳು ಹೊರಗಿನ ಯಾರೋ ಮೂಸಿ ನೋಡಿದ ಕೂಡಲೇ ಅಪರೂಪವಾಗಿದ್ದವು. ಈ ಜನಕ್ಕೆ ತಮ್ಮ ಮನೆ ಬಾಗಿಲೂ ಕ್ಯಾಟಲಾಗಿನಲ್ಲಿ ಅಚ್ಚಾದ ಮೇಲೆಯೇ ಕಾಣುವುದು. "ನೀವು ಏನಂದ್ರಿ?" ಎಂದೆ.

"ಮನ್ಯಾಗಿಲ್ಲ ಅಂದೆ. ನಾ ಪಾಠ ಮಾಡ್ತಿದ್ದ ಸಾಲಿಗೆ ಕೊಟ್ಟೀನಿ ಅಂದೆ. ವರಾಂಡದಾಗ ಹಾಕ್ಯಾರ, ಹುಡುಗ್ಯಾರು ಊಟದ ಡಬ್ಬಿ ಹಿಡ್ಕೊಂಡು ನೋಡ್ತಾವ, ಗಾಜಿನ ತುಂಬ ಬಟ್ಟು ಹಚ್ತಾವ ಅಂದೆ. ಅವ ಎದ್ದ ನಿಂತಬಿಟ್ಟ ಮಹಾದೇವಿ! ಹೆಣ ಕಂಡವರ ಹಂಗ. ವರಾಂಡದಾಗ? ಬಿಸಲು ಬೀಳ್ತದ, ಬಣ್ಣ ಹೋಗಿಬಿಡ್ತದ, ನಾಲ್ಕು ವರ್ಷದಾಗ ಏನೂ ಉಳಿಯಂಗಿಲ್ಲ ಅಂತ ಹೌಹಾರಿದ."

"ಖರೇ ಅದಲ್ಲ ಆಪಾ? ಬಣ್ಣ ಹೋಗ್ತದ."

ಆಪಾ ಚಹಾದ ಕೊನೆಯ ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಅವನಿಗೂ ಇದೇ ಹೇಳ್ದೆ. ಹೋದ್ರ ಹೋಗ್ಲಿ ಸಾಬ್. ಮಿನಾರ್ ಇಷ್ಟು ವರ್ಷ ಬಿಸಲಾಗೇ ನಿಂತದ. ಹುಡುಗ್ಯಾರಿಗೆ ದಾರಿ ಗೊತ್ತಾಗ್ಯದ, ಹೋಗಿ ನೋಡ್ಕೋತಾವ."